ಹೊಳಿ ನೀರಿನ ಪ್ರಶ್ನೆ

ಟ್ಯಾಬ್‌ಗಳ ಬೆನ್ನಿಗೆ ನೇಲ್‌ಪಾಲಿಶ್‌ನಿಂದ ನಂಬರ್ ಬರೆಯುವುದರೊಂದಿಗೆ ನನ್ನ ಕೆಲಸ ಶುರುವಾಯಿತು. ಮಾರ್ಕರ್ ಪೆನ್ನಿನ ಬರಹ ಮಕ್ಕಳ ಕೈಬೆವರಿಗೆ ಅಳಿಸಿಹೋಗುತ್ತದೆ. ಸ್ಟಿಕರ್ ಅಂಟಿಸಿದರೆ ಉಗುರಿನಿಂದ ಕೆರೆದು ಕಿತ್ತುಬಿಡುತ್ತಾರೆ. ನೇಲ್‌ಪಾಲಿಶ್ ಮಾತ್ರ ಕಚ್ಚಿಕೊಂಡು ಕೂರುತ್ತದೆ. ಈ ವಯಸ್ಸಿನಲ್ಲಿ ಕೊಟ್ಟೂರಿನ ಬಳೆ ಅಂಗಡಿಗೆ ಹೋಗಿ ಕಡುಗೆಂಪು ಬಾಟಲಿ ಕೇಳಿದಾಗ ಅಂಗಡಿಯಾಕೆ, "ಮಮ್ಮಗಳಿಗೇನ್ರಿ?" ಅಂದಳು. "ಇಲ್ಲಮ್ಮ, ನನಗೇ" ಎಂದೆ. ಆಕೆ ನನ್ನ ಬಿಳಿ ಕೂದಲನ್ನೊಮ್ಮೆ ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಳು.

ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಅಲ್ಲೊಂದು ಹೈಸ್ಕೂಲು. ಅದರ ಹೆಡ್‌ಮಾಸ್ಟರ್ ಒಂದು ಕಾಲಕ್ಕೆ ನನ್ನ ಇಂಗ್ಲಿಷ್ ಕ್ಲಾಸಿನಲ್ಲಿ ಕೂತವನು. ಎಂಟನೆಯ ತರಗತಿಗೆ ವಿಜ್ಞಾನದ ಟೀಚರ್ ಇರಲಿಲ್ಲ. ಟ್ರಸ್ಟ್ ಒಂದು ಟ್ಯಾಬ್‌ಗಳನ್ನು ಕೊಟ್ಟಿತ್ತು, ಮಕ್ಕಳು ತಾವೇ ನೋಡಿ, ಹುಡುಕಿ ಕಲಿಯಲಿ ಎಂದು. ಜೊತೆಗೆ ಒಬ್ಬರು ಕೂತಿದ್ದರೆ ಸಾಕು ಎಂದು ಅವನು ನನ್ನನ್ನು ಕರೆಯಲು ಬಂದ.

"ನನಗೆ ಸೈನ್ಸ್ ಬರೋದಿಲ್ಲಪ್ಪ. ಐ ಆ್ಯಮ್ ಆ್ಯನ್ ಇಂಗ್ಲಿಷ್ ಟೀಚರ್."

"ಅದಕ್ಕ ನಿಮ್ಮನ್ನ ಕರಿಯಾಕ ಬಂದೀನಿ ಮೇಡಂ. ಬರೋರು ಬಂದ್ರ ತಾವ ಎಲ್ಲಾ ಹೇಳಿಬಿಡ್ತಾರ. ಹುಡುಗ್ರು ಕಲಿಯಂಗಿಲ್ಲ."

ಈ ಮಾತಿಗೆ ಸೋತು ಒಪ್ಪಿಕೊಂಡೆ.

ವ್ಯವಸ್ಥೆ ಹೀಗಿತ್ತು. ನಾಲ್ವರಿಗೆ ಒಂದು ಟ್ಯಾಬ್. ಬೀರುವಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಒಂದು ಕಪ್ಪು ಡಬ್ಬಿ. ಪಾಠದ ವಿಡಿಯೊಗಳೆಲ್ಲ ಅದರ ಹೊಟ್ಟೆಯಲ್ಲಿ. ಇಂಟರ್‌ನೆಟ್ ಇಲ್ಲದಿದ್ದರೂ ಡಬ್ಬಿಯಿಂದ ಟ್ಯಾಬಿಗೆ ಬರುತ್ತವೆ. ಅಲ್ಲಿ ಸಿಗದ್ದನ್ನು ಹೊರಗೆ ಹುಡುಕಬೇಕಾದರೆ ಪಶ್ಚಿಮದ ಕಿಟಕಿಯ ಹತ್ತಿರ ಹೋಗಬೇಕು, ನೆಟ್‌ವರ್ಕ್ ಬರುವುದು ಅಲ್ಲಿ ಮಾತ್ರ. ಕನ್ನಡ ಕೀಬೋರ್ಡಿನಲ್ಲಿ ಒತ್ತಕ್ಷರ ಹುಡುಕಿ ಟೈಪ್ ಮಾಡುವಷ್ಟರಲ್ಲಿ ಬೆಲ್ ಹೊಡೆಯುತ್ತಿತ್ತು. ಹಾಗಾಗಿ ಮಕ್ಕಳು ಮೈಕಿನ ಗುರುತು ಒತ್ತಿ ಬಾಯಿಂದಲೇ ಕೇಳುವುದನ್ನು ಕಲಿತರು. ನಾನು ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಉತ್ತರ ಹೇಳಬಾರದು ಎನ್ನುವುದು ನಿಯಮ. ನನಗೆ ಉತ್ತರ ಗೊತ್ತಿರುತ್ತಿರಲಿಲ್ಲವಾದ್ದರಿಂದ ನಿಯಮ ಪಾಲಿಸುವುದು ಸುಲಭವಾಗಿತ್ತು.

ತೊಂದರೆ ಬಂದದ್ದು ಮೈಕಿನಿಂದಲೇ.

ಒಬ್ಬ ಹುಡುಗ, "ಮನಿ ಗ್ವಾಡಿ ಯಾಕ ಬಿರುಕು ಬಿಡ್ತೈತಿ?" ಎಂದು ಕೇಳಿದ. ಟ್ಯಾಬು ಅವನಿಗೆ ಸಾಲ ಕೊಡುವ ಕಂಪನಿಗಳ ಜಾಹೀರಾತು ತೋರಿಸಿತು. ಅವನ 'ಮನಿ' ಅದಕ್ಕೆ ಇಂಗ್ಲಿಷಿನ ಮನಿಯಾಗಿ ಕೇಳಿಸಿತ್ತು. ಎಲ್ಲರೂ ನಕ್ಕರು, ಅವನೂ ನಕ್ಕ. ನಾನೂ ನಕ್ಕೆ.

ಎರಡನೆಯ ಸಲ ನಗು ಬೇರೆಯಾಯಿತು. ತರಗತಿಯಲ್ಲಿ ಹೊಳೆ ದಂಡೆಯ ಹಂಪಸಾಗರದಿಂದ ಬಂದ ಹುಡುಗಿಯೊಬ್ಬಳಿದ್ದಳು. ಅವಳ ತಾಯಿ ಕಬ್ಬಿನ ಕೆಲಸಕ್ಕೆ ಊರೂರು ತಿರುಗುವವಳು. ಸಾಲಿ ತಪ್ಪಬಾರದೆಂದು ಮಗಳನ್ನು ಇಲ್ಲಿ ತನ್ನ ತಂಗಿಯ ಮನೆಯಲ್ಲಿ ಬಿಟ್ಟಿದ್ದಳು. ಹುಡುಗಿ ಬಂದು ಹೆಚ್ಚು ದಿನವಾಗಿರಲಿಲ್ಲ, ಮಾತು ಕಮ್ಮಿ. ಆ ದಿನ ಅದೇನು ಧೈರ್ಯ ಬಂತೋ, ಕಿಟಕಿಯ ಹತ್ತಿರ ಹೋಗಿ ಟ್ಯಾಬನ್ನು ಬಾಯಿಯ ಹತ್ತಿರ ಹಿಡಿದು, "ಹೊಳಿ ನೀರು ಯಾಕ ಉಪ್ಪು ಇರಂಗಿಲ್ಲ?" ಎಂದು ಕೇಳಿದಳು.

ಪರದೆಯ ತುಂಬ ಹೋಳಿ ಹಬ್ಬ. ಕೆಂಪು, ಹಳದಿ ಬಣ್ಣ ಬಳಿದುಕೊಂಡ ಮುಖಗಳು, ಪಿಚಕಾರಿಗಳು.

ಮುಂದಿನ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಬಾಯಿ ಬಲು ಜೋರು, ತರಗತಿಯೇ ತನ್ನದು ಎನ್ನುವಂಥವಳು. "ಯವ್ವಾ, ಹೋಳಿ ಆಡಾಕ ಬಂದಾಳ್ರಲೇ! ಬಣ್ಣ ತಂದಿಯೇನ?" ಎಂದಳು. ಮರುದಿನದಿಂದ ಹುಡುಗಿಯ ಹೆಸರೇ 'ಹೋಳಿ' ಆಯಿತು. ನೀರಿನ ನಲ್ಲಿಯ ಹತ್ತಿರ, ಬಿಸಿಯೂಟದ ಸಾಲಿನಲ್ಲಿ, ಎಲ್ಲ ಕಡೆಯೂ "ಏ ಹೋಳಿ, ಸರಿಲೇ." ನಾನು ಗದರಿಸಿದೆ. ನನ್ನೆದುರು ನಿಂತುಹೋಯಿತು, ಹಿಂದೆ ನಡೆದೇ ಇತ್ತು.

ಹುಡುಗಿ ಬಾಯಿ ಮುಚ್ಚಿದಳು. ಅವಳ ಸರದಿ ಬಂದಾಗ ಟ್ಯಾಬನ್ನು ಪಕ್ಕದವರಿಗೆ ದಾಟಿಸಿಬಿಡುತ್ತಿದ್ದಳು. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ.

ಇದನ್ನು ಸರಿಪಡಿಸಲು ನನಗೆ ತೋಚಿದ್ದು ನನಗೆ ಗೊತ್ತಿದ್ದ ಒಂದೇ ವಿದ್ಯೆ, ಉಚ್ಚಾರ ತಿದ್ದುವ ಎಲೊಕ್ಯೂಷನ್. ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಸಿಸ್ಟರ್ ಒಬ್ಬರು ಪ್ರತಿದಿನ ಬೆಳಿಗ್ಗೆ ಕನ್ನಡಿಯೆದುರು ನಿಲ್ಲಿಸಿ ತುಟಿ ದುಂಡಗೆ ಮಾಡಿಸಿ ವವೆಲ್ಸ್ ಹೇಳಿಸುತ್ತಿದ್ದರು. ಹರಪನಹಳ್ಳಿಯಿಂದ ಟ್ರಂಕು ಹೊತ್ತು ಹೋದ ನಾನು ಅಲ್ಲಿಂದ ಬೇರೆಯದೇ ನಾಲಿಗೆ ಹೊತ್ತು ಬಂದೆ. ಹಾಗೆಯೇ ಹೆಡ್‌ಮಾಸ್ಟರ್ ಕೋಣೆಯ ಕನ್ನಡಿ ತರಿಸಿ ಇವರನ್ನೂ ಅದರೆದುರು ನಿಲ್ಲಿಸಿದೆ. "ಮನಿ ಅಲ್ಲ, ಮನೆ. ಹೊಳಿ ಅಲ್ಲ, ಹೊಳೆ. ಎ, ಎ, ಎಂಡಿಂಗ್ ನೋಡಿ. ಐತಿ ಅಲ್ಲ, ಇದೆ."

ಕೆಲವೇ ದಿನಗಳಲ್ಲಿ ಯಂತ್ರಕ್ಕೆ ಇವರ ಮಾತು ತಿಳಿಯತೊಡಗಿತು. ವಿಡಿಯೊಗಳು ಓಡಿದವು, ಕ್ವಿಜ್‌ಗಳು ಮುಗಿದವು. ಟ್ರಸ್ಟಿನವರ ಬಳಿ ಡ್ಯಾಶ್‌ಬೋರ್ಡ್ ಎಂಬುದೊಂದಿದೆ. ಯಾವ ಶಾಲೆಯ ಮಕ್ಕಳು ಎಷ್ಟು ಹೊತ್ತು ವಿಡಿಯೊ ನೋಡಿದರು ಎಂಬುದು ಅಲ್ಲಿ ಬಣ್ಣದಲ್ಲಿ ಕಾಣುತ್ತದಂತೆ. ಅವರ ಕೋಆರ್ಡಿನೇಟರ್ ಫೋನ್ ಮಾಡಿ, "ಮೇಡಂ, ನಿಮ್ಮ ಸ್ಕೂಲ್ ಫುಲ್ ಗ್ರೀನ್. ಕಂಗ್ರಾಟ್ಸ್" ಎಂದ. ಹೆಡ್‌ಮಾಸ್ಟರ್ ಮಂಡಕ್ಕಿ ಮಿರ್ಚಿ ತರಿಸಿದ.

ಆದರೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ನನಗೆ ಏನೋ ಕಡಿಮೆಯಾದಂತಿತ್ತು. ಮಕ್ಕಳು ಈಗ ಪುಸ್ತಕದ ಕೊನೆಯಲ್ಲಿ ಅಚ್ಚಾದ ಪ್ರಶ್ನೆಗಳನ್ನು ಮಾತ್ರ ಕೇಳುತ್ತಿದ್ದರು. "ದ್ಯುತಿಸಂಶ್ಲೇಷಣೆ ಎಂದರೇನು?" ಗೋಡೆಯ ಬಿರುಕು, ಎಮ್ಮೆಯ ಕೊಂಬಿನ ಸುರುಳಿ, ಹುಣಸೆ ಯಾಕೆ ಹುಳಿ, ಇವೆಲ್ಲ ನಿಂತುಹೋಗಿದ್ದವು. ಒಬ್ಬನನ್ನು ಕೇಳಿದೆ, "ಯಾಕಪ್ಪ, ಈಗ ನಿನ್ನ ಪ್ರಶ್ನೆ ಯಾವುದೂ ಇಲ್ವಾ?"

"ಅದಾವ್ರಿ. ಆದ್ರ ಅದನ್ನ ಪುಸ್ತಕದಾಗಿನ ಮಾತಿನ್ಯಾಗ ಹೆಂಗ ಕೇಳಬೇಕು ತಿಳಿಯವಲ್ದು."

ಹಂಪಸಾಗರದ ಹುಡುಗಿಯಂತೂ ಕನ್ನಡಿಯಾಟದಲ್ಲೂ ತುಟಿ ತೆರೆಯಲಿಲ್ಲ. ಒಂದು ದಿನ ಅವಳನ್ನು ಮನೆಯಲ್ಲಿಟ್ಟುಕೊಂಡಿದ್ದ ಚಿಗವ್ವ ಶಾಲೆಗೆ ಬಂದಳು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ.

"ಅಮ್ಮಾರ, ಈಕಿ ಸಾಲಿಗೆ ಒಲ್ಲೆ ಅಂತಾಳ್ರಿ. ಮನ್ಯಾಗೂ ಮಾತಿಲ್ಲ ಕತಿಯಿಲ್ಲ. ಗ್ವಾಡಿ ಜೋಡಿ ಇದ್ದಂಗ ಐತಿ. ದಸರಾ ಸೂಟಿಗೆ ಅವರವ್ವ ಬರ್ತಾಳ. ಕರ್ಕೊಂಡು ಹೋಗು ಅಂತೀನಿ."

"ಹೋದರೆ ಅಲ್ಲಿ ಓದ್ತಾಳಾ?"

"ಎಲ್ಲಿ ಓದು? ಅವರವ್ವನ ಬೆನ್ನ ಹಿಂದ ಕಬ್ಬಿನ ಗದ್ದಿಗೆ ಹೋಗ್ತಾಳ. ಇಲ್ಲೂ ಬಾಯಿ ಇಲ್ಲಂದಮ್ಯಾಲ ಎಲ್ಲಿದ್ದರೇನ್ರಿ?"

ಹುಡುಗಿ ಬಾಗಿಲ ಬಳಿ ನಿಂತು ಕಾಲಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಹೋಗುತ್ತೇನೆ ಎಂದೂ ಹೇಳಲಿಲ್ಲ, ಇರುತ್ತೇನೆ ಎಂದೂ ಹೇಳಲಿಲ್ಲ.

ಅದೇ ವಾರ ರಸ್ತೆ ಅಗಲ ಮಾಡುವವರು ಕೇಬಲ್ ಕಡಿದು ಕಿಟಕಿಯ ನೆಟ್‌ವರ್ಕೂ ಹೋಯಿತು. ಮೈಕು ಒತ್ತಿದರೆ ಚಕ್ರ ತಿರುಗುತ್ತಿತ್ತು, ಅಷ್ಟೇ. ಕೆಲಸವಿಲ್ಲದ ಮಕ್ಕಳು ಟ್ಯಾಬಿನಲ್ಲಿ ಅಲ್ಲಿ ಇಲ್ಲಿ ಒತ್ತುತ್ತ ರೆಕಾರ್ಡರ್ ಕಂಡುಹಿಡಿದರು. ತಮ್ಮ ದನಿ ತಾವೇ ಕೇಳಿ ಬಿದ್ದುಬಿದ್ದು ನಕ್ಕರು. "ಏಯ್, ನನ್ ದನಿ ಹಿಂಗೈತೇನ್ಲೇ? ಕಪ್ಪಿ ಒದರಿದಂಗ!" ನನ್ನ ಮುಂದೂ ಹಿಡಿದರು. "ಮೇಡಂ, ನೀವೂ ಒಂದಿಷ್ಟು ಮಾತಾಡ್ರಿ."

ನಾನು ನನ್ನ ಹೆಸರು, ಊರು ಹೇಳಿದೆ. ಅವರು ಪ್ಲೇ ಮಾಡಿದರು. ಸ್ಪಷ್ಟವಾದ, ನಯವಾದ ದನಿ. ರೇಡಿಯೊದಲ್ಲಿ ಯಾರೋ ಹವಾಮಾನ ಓದಿದಂತಿತ್ತು. ಊರು ಹರಪನಹಳ್ಳಿ ಎಂದು ಅದು ಹೇಳಿತು, ಆದರೆ ಹರಪನಹಳ್ಳಿ ಅದರಲ್ಲಿ ಎಲ್ಲೂ ಇರಲಿಲ್ಲ. ನನ್ನ ಅವ್ವನಿಗೆ ಕೇಳಿಸಿದ್ದರೆ ಇದು ಯಾರ ಮನೆಯ ಹೆಂಗಸು ಎಂದು ಕೇಳುತ್ತಿದ್ದಳೇನೋ. ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ, ಷಿ ವಾಸ್ ಎ ಲವ್ಲಿ ಸೋಲ್. ಆದರೂ ಆ ಸಂಜೆ ಬಸ್ಸಿನಲ್ಲಿ ಕೂತು ಮನಿ, ಹೊಳಿ, ಮಳಿ ಎಂದು ಮೆಲ್ಲಗೆ ಹೇಳಿಕೊಂಡೆ. ನಾಲಿಗೆ ಮರೆತಿರಲಿಲ್ಲ, ನಾಚಿಕೊಂಡಿತ್ತು.

ಮರುದಿನ ಕನ್ನಡಿಯನ್ನು ಹೆಡ್‌ಮಾಸ್ಟರ್ ಕೋಣೆಗೆ ವಾಪಸು ಕಳಿಸಿ ಮಕ್ಕಳಿಗೆ ಹೊಸ ಕ್ರಮ ಹೇಳಿದೆ. ಪ್ರತಿ ಗುಂಪು ತನಗೆ ನಿಜವಾಗಿ ಬೇಕಾದ ಒಂದು ಪ್ರಶ್ನೆಯನ್ನು ಮನೆಯಲ್ಲಿ ಮಾತಾಡುವಂತೆಯೇ ಮಾತಾಡಿ ರೆಕಾರ್ಡ್ ಮಾಡಬೇಕು. ಆ ಟ್ಯಾಬನ್ನು ಮುಂದಿನ ಗುಂಪಿಗೆ ಕೊಡಬೇಕು. ಅವರು ಡಬ್ಬಿಯ ವಿಡಿಯೊಗಳಲ್ಲಿ, ಪುಸ್ತಕದಲ್ಲಿ ಹುಡುಕಿ, ಆಗುವುದಾದರೆ ಪ್ರಯೋಗ ಮಾಡಿ, ಉತ್ತರವನ್ನೂ ತಮ್ಮ ಮಾತಿನಲ್ಲೇ ರೆಕಾರ್ಡ್ ಮಾಡಿ ಹಿಂದಿರುಗಿಸಬೇಕು. ತೃಪ್ತಿಯಾಗದಿದ್ದರೆ ಕೇಳಿದವರು ಮತ್ತೆ ಕೇಳಬಹುದು.

ಗದ್ದಲ ಹೇಗೆ ಎದ್ದಿತೆಂದರೆ ಪಕ್ಕದ ತರಗತಿಯ ಗಣಿತದ ಮಾಸ್ತರು ಬಾಗಿಲಿಗೆ ಬಂದು ನಿಂತರು. "ಇದೇನು ಸಂತ್ಯೇನ್ರಿ ಮೇಡಂ?"

"ಹೌದು ಸರ್. ಕ್ಷಮಿಸಿ."

ಕೇಬಲ್ ಸರಿಹೋದ ಮೇಲೂ ನಾನು ಈ ಕ್ರಮ ಬಿಡಲಿಲ್ಲ. ಬೇಕಾದ ತುಣುಕನ್ನಷ್ಟೇ ನೋಡಿ ಮಕ್ಕಳು ವಿಡಿಯೊ ಮುಚ್ಚುತ್ತಿದ್ದರು, ಕ್ವಿಜ್ ಮುಟ್ಟುತ್ತಿರಲಿಲ್ಲ. ಡ್ಯಾಶ್‌ಬೋರ್ಡಿಗೆ ರೆಕಾರ್ಡಿಂಗ್ ಲೆಕ್ಕಕ್ಕಿಲ್ಲ. ಕೋಆರ್ಡಿನೇಟರ್ ಫೋನ್ ಬಂತು. "ಮೇಡಂ, ನಿಮ್ಮ ಸ್ಕೂಲ್ ರೆಡ್ ಆಗ್ಬಿಟ್ಟಿದೆ. ದಸರಾಕ್ಕೆ ಮುಂಚೆ ರಿವ್ಯೂ ಇದೆ. ಹೀಗೇ ಇದ್ರೆ ಡಿವೈಸಸ್ ಹಡಗಲಿ ಕಡೆ ಒಂದು ಸ್ಕೂಲಿಗೆ ಶಿಫ್ಟ್ ಮಾಡ್ಬೇಕಾಗುತ್ತೆ."

ಹೆಡ್‌ಮಾಸ್ಟರ್ ಗಾಬರಿಯಾದ. ಬಿಸಿಯೂಟದ ಅಡುಗೆಯಾಕೆ ಅವನಿಗೊಂದು ಉಪಾಯ ಹೇಳಿದ್ದಳು. ಅದನ್ನು ಹೊತ್ತು ನನ್ನ ಬಳಿ ಬಂದ. "ಮೇಡಂ, ವಿಡಿಯೊ ಹಚ್ಚಿ ಸ್ಟಾಫ್ ರೂಮಿನ್ಯಾಗ ಇಡೋಣ್ರಿ. ತಮ್ಮಷ್ಟಕ ಓಡ್ತಾವ. ಹಸುರಾಕ್ಕತಿ."

"ಖಾಲಿ ಕೋಣೆಗೆ ಪಾಠ ಮಾಡೋದಾ? ನಾಟ್ ಇನ್ ಮೈ ಕ್ಲಾಸ್."

"ಮತ್ತ ಟ್ಯಾಬ್ ಹೋದ್ರ?"

"ಹೋದರೆ ಹೋಗಲಿ" ಎಂದೆ. ಟ್ಯಾಬ್ ಇಲ್ಲದಿದ್ದರೆ ಮಕ್ಕಳಿಗೆ ವಿಜ್ಞಾನಕ್ಕೆ ನಾನೊಬ್ಬಳೇ, ಆ ಪಾಡು ಬೇರೆ. ಆದರೆ ಹಸಿರು ಬಣ್ಣಕ್ಕಾಗಿ ಮತ್ತೆ ಕನ್ನಡಿ ತಂದು ನಿಲ್ಲಿಸಿದರೆ ಒಬ್ಬಳು ಖಂಡಿತ ಕಬ್ಬಿನ ಗದ್ದೆಗೆ ಹೋಗುತ್ತಾಳೆ.

ಆ ಒಬ್ಬಳು ಇನ್ನೂ ಮಾತಾಡಿರಲಿಲ್ಲ. ತನ್ನ ಗುಂಪಿಗೆ ವಿಡಿಯೊ ಹುಡುಕಿಕೊಡುವುದು, ಪ್ರಯೋಗಕ್ಕೆ ತಾಟು ತೊಳೆಯುವುದು, ಬರೆಯುವುದು ಎಲ್ಲ ಮಾಡುತ್ತಿದ್ದಳು. ರೆಕಾರ್ಡ್ ಮಾಡಲು ಮಾತ್ರ ಹಿಂದೆ ಸರಿಯುತ್ತಿದ್ದಳು.

ಒಂದು ದಿನ ಅವಳ ಗುಂಪಿಗೆ ಮುಂದಿನ ಬೆಂಚಿನ ಟ್ಯಾಬು ಬಂತು. ಒತ್ತಿದರೆ ಎರಡು ಜಡೆಯವಳ ದನಿ. "ಹೊಳಿ ನೀರು ಯಾಕ ಉಪ್ಪು ಇರಂಗಿಲ್ಲ? ಲಗೂ ಹೇಳ್ರಿ."

ಗೇಲಿಯೇ ಇರಬೇಕೆಂದು ಎದ್ದು ಹೋಗಿ ಅವಳನ್ನು ಕೇಳಿದೆ. ಅವಳು ಮುಖ ಕೆಂಪಗೆ ಮಾಡಿಕೊಂಡಳು. "ಚಾಷ್ಟಿ ಅಲ್ರಿ ಮೇಡಂ. ಅವತ್ತ ಆಕಿ ಕೇಳಿದ್ದು ತಲಿಯಾಗ ಕುಂತೈತಿ. ಎಲ್ಲಾರೂ ನಕ್ಕಿವಿ, ಉತ್ತರ ಯಾರಿಗೂ ಗೊತ್ತಿಲ್ಲ."

ಹಂಪಸಾಗರದ ಹುಡುಗಿ ಆ ರೆಕಾರ್ಡಿಂಗನ್ನು ಮತ್ತೊಮ್ಮೆ ಕೇಳಿದಳು. ಆಮೇಲೆ ಕೆಲಸ ಹಿಡಿದಳು. ನೀರು ಆವಿಯಾದರೆ ಕರಗಿದ್ದು ಕೆಳಗೆ ಉಳಿಯುತ್ತದೆ ಎಂಬ ವಿಡಿಯೊ ಸಿಕ್ಕಿತು. ಹಾಗಾದರೆ ಬೇರೆ ಬೇರೆ ನೀರನ್ನು ತಾಟಿನಲ್ಲಿ ಹಾಕಿ ಬಿಸಿಲಿಗಿಟ್ಟು ನೋಡೋಣ ಎಂದು ಗುಂಪು ತೀರ್ಮಾನಿಸಿತು. ಮೊದಲ ಸಲ ಬಿಸಿಯೂಟದ ತಾಟುಗಳಲ್ಲಿ ಸಾರಿನ ಕಲೆ ಉಳಿದು ಎಲ್ಲ ಕೆಟ್ಟಿತು. ತಾಟು ತಿಕ್ಕಿ, ಶುದ್ಧ ನೀರಿನ ಘಟಕದಿಂದ ತಂದ ನೀರಿನಿಂದ ತೊಳೆದು ಮತ್ತೆ ಇಟ್ಟರು. ಒಂದರಲ್ಲಿ ಶಾಲೆಯ ಬೋರಿನ ನೀರು, ಒಂದರಲ್ಲಿ ಹಿಡಿದಿಟ್ಟ ಮಳೆನೀರು, ಧೂಳು ಬೀಳದಂತೆ ಮೇಲೆ ತೆಳು ಬಟ್ಟೆ. ಮೂರನೆಯ ತಾಟು ಖಾಲಿ. ಹೊಳೆಯ ನೀರು ಎಲ್ಲಿ?

ಹುಡುಗಿ ಚಿಗವ್ವನ ಫೋನಿನಿಂದ ಹಂಪಸಾಗರದ ಅಜ್ಜಿಗೆ ಸುದ್ದಿ ಮುಟ್ಟಿಸಿದಳು. ಅಜ್ಜಿ ಒಂದು ಬಾಟಲಿ ತುಂಬಿ ಈ ಕಡೆ ಬರುವ ಬಸ್ಸಿನ ಡ್ರೈವರ್ ಕೈಗೆ ಕೊಟ್ಟಳು. ಮಧ್ಯಾಹ್ನದ ಬಿಡುವಿನಲ್ಲಿ ಇಡೀ ತರಗತಿ ಬಸ್ ಸ್ಟಾಪಿಗೆ ಓಡಿತು, ಹಿಂದೆ ಕೊಡೆ ಹಿಡಿದು ನಾನು.

ಡ್ರೈವರ್ ಕಿಟಕಿಯಿಂದ ಬಗ್ಗಿ ಖಾಲಿ ಬಾಟಲಿ ಚಾಚಿದ. "ತಗೋ ಯವ್ವ. ಗಾಡಿ ಕಾದಿತ್ತು, ರೇಡಿಯೇಟರಿಗೆ ಹಾಕಿದ್ನಿ."

ಮಕ್ಕಳ ನಡುವಿನಿಂದ ಒಂದು ದನಿ ಎದ್ದಿತು. ಯಾರದೆಂದು ನನಗೆ ಮೊದಲು ತಿಳಿಯಲೇ ಇಲ್ಲ, ಅಷ್ಟು ದಿನವಾಗಿತ್ತು ಅದನ್ನು ಕೇಳಿ.

"ಯಾರನ್ನ ಕೇಳಿ ಹಾಕಿದ್ರಿ?"

"ಬಾಟ್ಲ್ಯಾಗ ಬರೇ ನೀರ ಇದ್ವಲ್ಲವ್ವ! ತುಪ್ಪೇನು ಅಲ್ಲಲ್ಲ?"

"ನೀರ ಬೇಕಾಗಿದ್ವು! ಹೊಳಿ ನೀರು! ಪ್ರಯೋಗಕ್ಕ! ನಮ್ಮ ಅಜ್ಜಿ ಮೊಣಕಾಲ್ ನೋವಿನ್ಯಾಗ ಹೊಳಿಗೆ ಇಳಿದು ತಂದಾಳ. ನಾಳಿ ಮತ್ತ ಕೊಡ್ತಾಳ. ಮುಟ್ಟಿದ್ರ ನೋಡ್ರಿ!"

ಬಸ್ಸಿನೊಳಗಿನವರು ನಕ್ಕರು, ಕಂಡಕ್ಟರ್ ಚಪ್ಪಾಳೆ ತಟ್ಟಿದ. ಎರಡು ಜಡೆಯವಳು ಹುಡುಗಿಯ ಪಕ್ಕಕ್ಕೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಹೌದ್ರಿ. ಮುಟ್ಟಿದ್ರ ನೋಡ್ರಿ." ಡ್ರೈವರ್ ಎರಡೂ ಕಿವಿ ಹಿಡಿದುಕೊಂಡು ಗಾಡಿ ಬಿಟ್ಟ.

ಮರುದಿನ ಬಾಟಲಿ ತುಂಬಿದ್ದೇ ಬಂತು.

ಬಿಸಿಲು ತನ್ನ ಕೆಲಸ ಮಾಡಿತು. ಬೋರಿನ ನೀರಿನ ತಾಟಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ. ಮಳೆನೀರಿನಲ್ಲಿ ಏನೂ ಇಲ್ಲ. ಹೊಳೆಯ ನೀರಿನ ತಾಟಿನ ಅಂಚಿಗೆ ತೆಳ್ಳಗೆ, ವಾರೆಯಾಗಿ ಹಿಡಿದರೆ ಮಾತ್ರ ಕಾಣುವ ಬಿಳಿ ಗೆರೆ. ಹುಡುಗಿ ಅದನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದಳು. ನಂತರ ನನ್ನ ಕುರ್ಚಿಯ ಹತ್ತಿರ ಬಂದಳು.

"ಮೇಡಂ, ಪ್ರಶ್ನಿನ ತಪ್ಪೈತ್ರಿ. ಹೊಳಿ ನೀರಾಗೂ ಉಪ್ಪಿನಂಥಾದ್ದು ಐತಿ. ನಾಲಿಗಿಗೆ ತಿಳಿಯಂಗಿಲ್ಲ, ಅಷ್ಟ."

ನಾನು ಟ್ಯಾಬಿನ ಕಡೆ ಕೈ ತೋರಿಸಿದೆ. ಅವಳು ಅದನ್ನು ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋಗಿ, ಬೆನ್ನು ನಮ್ಮ ಕಡೆ ಮಾಡಿ, ರೆಕಾರ್ಡ್ ಮಾಡಿದಳು.

ರಿವ್ಯೂ ದಿನ ಕೋಆರ್ಡಿನೇಟರ್ ಲ್ಯಾಪ್‌ಟಾಪ್ ತೆರೆದು ಕೆಂಪು ಪಟ್ಟಿಯನ್ನು ನಮಗೆಲ್ಲ ತೋರಿಸಿದ. ಮೃದು ಮನುಷ್ಯ, ನಿಯಮದ ಮನುಷ್ಯ. ಮಕ್ಕಳು ತಾಟುಗಳನ್ನು ತೋರಿಸಿದರು, ರೆಕಾರ್ಡಿಂಗ್ ಕೇಳಿಸಿದರು. ಅವನು ಪೂರ್ತಿ ಕೇಳಿ ಹುಡುಗಿಯ ಕಡೆ ತಿರುಗಿದ. "ವೆರಿ ಗುಡ್. ಹೊಳೇಲಿ ಇಷ್ಟೇ ಇಷ್ಟು ಇದ್ರೆ, ಸಮುದ್ರ ಯಾಕಮ್ಮ ಅಷ್ಟೊಂದು ಉಪ್ಪು?"

ಹುಡುಗಿ ಯೋಚಿಸಿದಳು.

"ಗೊತ್ತಿಲ್ರಿ ಸಾರ್. ಹುಡುಕಿ ಹೇಳ್ತೀನಿ."

ಅವನು ನಕ್ಕ, ತಲೆದೂಗಿದ. ಆದರೂ ಟ್ಯಾಬ್‌ಗಳು ಹೋದವು. ಆರ್ಡರ್ ಮೇಲಿನಿಂದ ಬಂದದ್ದು. ಕಪ್ಪು ಡಬ್ಬಿಯನ್ನೂ, ಗಾಜು ಒಡೆದ ಎರಡು ಟ್ಯಾಬ್‌ಗಳನ್ನೂ, ಲೆಕ್ಕಕ್ಕೆ ಬಾರದವು ಎಂದು, ನಮಗೇ ಬಿಟ್ಟುಹೋದ. ಹೊರಡುವಾಗ ನನಗೆ ಕಾರ್ಡ್ ಕೊಟ್ಟ.

ದಸರಾ ರಜೆ ನನಗೆ ಉದ್ದವಾಯಿತು. ಶಾಲೆ ತೆರೆದ ದಿನ ಬೇಗ ಹೋಗಿ ಕೂತೆ. ಬೆಲ್ ಆಯಿತು, ಹಾಜರಿ ಆಯಿತು, ಅವಳ ಹೆಸರಿಗೆ ಕೈ ಏಳಲಿಲ್ಲ. ಇಡೀ ಒಂದು ಪೀರಿಯಡ್ ಕಳೆದ ಮೇಲೆ ಬಾಗಿಲಲ್ಲಿ ಚಿಗವ್ವ ಕಾಣಿಸಿಕೊಂಡಳು, ಒಬ್ಬಳೇ.

"ಏನ್ ಹುಡುಗಿ ಮಾಡಿ ಇಟ್ರಿ ಅಮ್ಮಾರ! ಅವರವ್ವ ಕರಿಯಾಕ ಬಂದಿದ್ಲು. ಗಂಟು ಕಟ್ಟಿ ಬಸ್ ಸ್ಟಾಪಿಗೆ ಹೋಗಿವಿ. ಬಸ್ ಬಂತು, ಈಕಿ ಹತ್ತಂಗಿಲ್ಲ. 'ನಾ ಬರಂಗಿಲ್ಲ, ನಂದು ಒಂದು ಉತ್ತರ ಕೊಡೋದು ಬಾಕಿ ಐತಿ' ಅಂತ ಒದರಿದ್ಲು, ಮಂದಿ ಎಲ್ಲಾ ನೋಡಂಗ! ನಮ್ಮಕ್ಕ ಅತ್ತು, ನಕ್ಕು, ಒಬ್ಬಾಕಿನ ಹೋದ್ಲು. ಈಗ ಮನ್ಯಾಗ ಬಾಯಿ ಮುಚ್ಚು ಅಂದ್ರೂ ಮುಚ್ಚವಲ್ಲಳು."

ಹಿಂದೆಯೇ ಹುಡುಗಿ ಓಡಿ ಬಂದಳು, ಏದುಸಿರು. ನಮಸ್ಕಾರವಿಲ್ಲ, ಏನಿಲ್ಲ.

"ಮೇಡಂ, ಆ ಸಾರ್ ನಂಬರ್ ಐತೇನ್ರಿ?"

ಪರ್ಸಿನಿಂದ ಕಾರ್ಡ್ ತೆಗೆದು, ನಂಬರ್ ಒತ್ತಿ ನನ್ನ ಫೋನ್ ಕೊಟ್ಟೆ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು.

"ಸಾರ್, ಸಮುದ್ರದ್ದು ಸಿಕ್ತು. ಅದೂ ಒಂದು ದೊಡ್ಡ ತಾಟು ಅಂತ ತಿಳ್ಕೋರಿ. ಎಲ್ಲಾ ಹೊಳಿ ಸೇರಿ ಅದಕ್ಕ ನೀರು ಹಾಕ್ಕೋತ ಇರ್ತಾವ, ಬಿಸಲು ಬರೇ ನೀರು ಒಯ್ತೈತಿ..."

ಆ ಕಡೆಯಿಂದ ಅವನೇನೋ ನಡುವೆ ಬಾಯಿ ಹಾಕಿರಬೇಕು, ಇಂಗ್ಲಿಷಿನ ಒಂದೆರಡು ಶಬ್ದ ನನ್ನವರೆಗೂ ಕೇಳಿಸಿತು. ಹುಡುಗಿ ಹುಬ್ಬು ಗಂಟಿಕ್ಕಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇಲ್ರೀ ಸಾರ್, ಹಂಗಲ್ಲ. ಮೊದ್ಲು ನಾ ಹೇಳೋದು ಪೂರ್ತಿ ಕೇಳ್ರಿ."